ಗದ್ದೆಯ ಪುಟ್ಟ ದುಂಬಿಗೆ ಹೆಸರಿಟ್ಟ ಫ್ಯಾಬ್ರಿಸಿಯಸ್



ಮಂಗಳೂರಿನ ಕುದ್ರೋಳಿಯ ಹೆಸರನ್ನು ನೀವು ಕೇಳಿರಬಹುದು. ಗೋಕರ್ಣನಾಥ ದೇವಸ್ಥಾನಕ್ಕೂ ದಸರಾ ಮೆರವಣಿಗೆಗೂ ಹೆಸರಾದ ಜಾಗ ಅದು. ಅಲ್ಲಿಂದ ಪಡುವಣಕ್ಕೆ ಸ್ವಲ್ಪ ದೂರ ನಡೆದರೆ ಗುರುಪುರ ನದಿ ಸಿಗುತ್ತದೆ. ಅದನ್ನು ಫಲ್ಗುಣಿ ಎಂದೂ ಕರೆಯುತ್ತಾರೆ. ನದಿಯ ದಂಡೆ, ತಗ್ಗು ನೆಲ, ಹಸಿ ಹುಲ್ಲು, ಮಳೆಗಾಲದಲ್ಲಿ ಎಲ್ಲೆಲ್ಲೂ ನಿಲ್ಲುವ ನೀರು. ಇಂಥ ಕಡೆ ಹುಳುಹುಪ್ಪಟೆಗಳಿಗೆ ಬರವೇ ಇಲ್ಲ.

ಅಲ್ಲಿಯ ಒಂದು ಮನೆಯನ್ನು ಕಲ್ಪಿಸಿಕೊಳ್ಳಿ. ಮಳೆ ಬಿಟ್ಟ ಸಂಜೆ. ಒಬ್ಬ ಹುಡುಗಿ ಟ್ಯೂಬ್‌ಲೈಟಿನ ಕೆಳಗೆ ಕುಳಿತು ಮನೆಪಾಠ ಬರೆಯುತ್ತಿದ್ದಾಳೆ. ಕುತ್ತಿಗೆಯ ಮೇಲೆ ಏನೋ ಹರಿದಾಡಿದಂತಾಯಿತು. ಪಟ್ಟನೆ ಹೊಡೆದು ಉಜ್ಜಿಬಿಟ್ಟಳು. ಕಚ್ಚಲಿಲ್ಲ, ಚುಚ್ಚಲಿಲ್ಲ. ಅವಳು ಅದನ್ನು ಮರೆತೂಬಿಟ್ಟಳು. ಆದರೆ ಮರುದಿನ ಸಂಜೆಯ ಹೊತ್ತಿಗೆ ಕುತ್ತಿಗೆಯಲ್ಲಿ ಬೆಂಕಿ ತಾಗಿದಂಥ ಕೆಂಪು ಗೆರೆ! ಅದರ ಮಾರನೆಯ ದಿನ ಸಣ್ಣ ಸಣ್ಣ ಗುಳ್ಳೆಗಳು, ಜೊತೆಗೆ ಉರಿ.

ಮನೆಗೆ ಬಂದವರು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಜೇಡ ಹರಿದಿದೆ ಎನ್ನುತ್ತಾರೆ ಒಬ್ಬರು. ಸರ್ಪಸುತ್ತು ಇರಬೇಕು ಎಂದು ಹೆದರಿಸುತ್ತಾರೆ ಇನ್ನೊಬ್ಬರು. ಯಾವುದೋ ದೋಷ ಎನ್ನುತ್ತಾರೆ ಮತ್ತೊಬ್ಬರು. ಪಾಪ, ಏನೂ ಮಾಡದ ಜೇಡಕ್ಕೆ ಕೆಟ್ಟ ಹೆಸರು! ನಿಜವಾದ ಕಾರಣ ಅಕ್ಕಿಕಾಳಿಗಿಂತ ತುಸು ಉದ್ದದ ಒಂದು ದುಂಬಿ. ಅದರ ಹೆಸರು ಪೆಡರಸ್.

ಈ ಹೆಸರನ್ನು ಇಟ್ಟವರು ಯಾರು? ಒಂದು ಪುಟ್ಟ ದುಂಬಿಗೆ ಹೆಸರು ಇಟ್ಟರೆಷ್ಟು, ಬಿಟ್ಟರೆಷ್ಟು? ಬನ್ನಿ, ಹೆಸರಿಡುವುದನ್ನೇ ಜೀವನದ ಕೆಲಸ ಮಾಡಿಕೊಂಡ ಒಬ್ಬ ವಿಜ್ಞಾನಿಯ ಕಥೆ ಕೇಳೋಣ.

ವೈದ್ಯರ ಮಗ

ಯೊಹಾನ್ ಕ್ರಿಶ್ಚಿಯನ್ ಫ್ಯಾಬ್ರಿಸಿಯಸ್ ಹುಟ್ಟಿದ್ದು 1745ರ ಜನವರಿ 7ರಂದು. ಊರು ಟೋಂಡರ್. ಅದು ಇಂದಿನ ಡೆನ್ಮಾರ್ಕ್ ದೇಶದ ದಕ್ಷಿಣದ ಅಂಚಿನಲ್ಲಿದೆ. ತಂದೆ ವೈದ್ಯರು. ಬಾಲಕ ಫ್ಯಾಬ್ರಿಸಿಯಸ್‌ಗೆ ಗಿಡ, ಹುಳುಗಳೆಂದರೆ ಪ್ರೀತಿ.

ಆ ಕಾಲದಲ್ಲಿ ಗಿಡ ಮತ್ತು ಪ್ರಾಣಿಗಳ ಬಗ್ಗೆ ಕಲಿಯಬೇಕು ಎನ್ನುವವರೆಲ್ಲ ಒಬ್ಬರೇ ಗುರುವಿನ ಕಡೆ ನೋಡುತ್ತಿದ್ದರು. ಅವರೇ ಸ್ವೀಡನ್ನಿನ ಕಾರ್ಲ್ ಲಿನೇಯಸ್. ಪ್ರತಿ ಜೀವಿಗೂ ಎರಡು ಪದಗಳ ಹೆಸರು ಇಡುವ ಪದ್ಧತಿಯನ್ನು ಬಳಕೆಗೆ ತಂದವರು ಇವರು. ಮೊದಲ ಪದ ಜಾತಿಯದು, ಎರಡನೆಯದು ಪ್ರಭೇದದ್ದು. ನಮ್ಮಲ್ಲಿ ಮನೆತನದ ಹೆಸರು ಮತ್ತು ಸ್ವಂತ ಹೆಸರು ಇರುವಂತೆಯೇ ಎನ್ನಿ. ಮಾವಿನಮರಕ್ಕೆ ಮ್ಯಾಂಜಿಫೆರ ಇಂಡಿಕ ಎಂಬ ಹೆಸರನ್ನು ಕೊಟ್ಟವರೂ ಅವರೇ.

1762ರಲ್ಲಿ, ತನ್ನ 17ನೆಯ ವಯಸ್ಸಿನಲ್ಲಿ, ಫ್ಯಾಬ್ರಿಸಿಯಸ್ ಗೆಳೆಯ ಜೊಯೇಗನ ಜೊತೆ ಉಪ್ಸಲ ಎಂಬ ಊರಿಗೆ ಹೊರಟರು. ಅಲ್ಲಿ ಲಿನೇಯಸ್ ಅವರ ಶಿಷ್ಯರಾಗಿ ಎರಡು ವರ್ಷ ಕಲಿತರು.

ಗುರುವಿನ ಮನೆಯ ಎದುರು

ಬೇಸಿಗೆ ಬಂದರೆ ಲಿನೇಯಸ್ ಪೇಟೆ ಬಿಟ್ಟು ಹಳ್ಳಿಯ ಮನೆಗೆ ಹೋಗುತ್ತಿದ್ದರು. ಶಿಷ್ಯರು ಬಿಡುತ್ತಾರೆಯೇ? ಫ್ಯಾಬ್ರಿಸಿಯಸ್, ಜೊಯೇಗ ಮತ್ತು ಅಮೆರಿಕದಿಂದ ಬಂದಿದ್ದ ಕುನ್ ಎಂಬ ಹುಡುಗ, ಮೂವರೂ ಗುರುವಿನ ಮನೆಗೆ ಹತ್ತಿರವೇ ಒಂದು ರೈತರ ಮನೆಯಲ್ಲಿ ತಂಗಿದರು.

ಗುರು ಗಿಡ್ಡ ನಿಲುವಂಗಿ ತೊಟ್ಟು, ತಲೆಗೆ ಟೊಪ್ಪಿ ಹಾಕಿ, ಕೈಯಲ್ಲಿ ಕೊಳವಿ ಹಿಡಿದುಕೊಂಡು ಶಿಷ್ಯರ ಮನೆಗೇ ಬಂದುಬಿಡುತ್ತಿದ್ದರು! ಅರ್ಧ ಗಂಟೆ ಕುಳಿತು ಹೋಗುತ್ತೇನೆ ಎಂದು ಬಂದವರು ಮಾತಿಗೆ ಕುಳಿತರೆ ಎರಡು ಗಂಟೆ ಕಳೆಯುತ್ತಿತ್ತು. ಪಾಠದ ಜೊತೆಗೆ ಕಥೆ, ನಗು, ಶಿಷ್ಯರ ಪ್ರಶ್ನೆ, ಗುರುವಿನ ಉತ್ತರ. ಭಾನುವಾರ ಗುರುವಿನ ಮನೆಯವರೆಲ್ಲ ಬರುತ್ತಿದ್ದರು. ಹಳ್ಳಿಯ ವಾದ್ಯಗಾರನೊಬ್ಬನನ್ನು ಕರೆಸಿ, ಧಾನ್ಯ ತುಂಬುವ ಕೊಟ್ಟಿಗೆಯಲ್ಲಿ ಎಲ್ಲರೂ ಕುಣಿಯುತ್ತಿದ್ದರು. ಗುರು ಒಂದು ಬದಿಗೆ ಕುಳಿತು ನೋಡಿ ಸಂತೋಷಪಡುತ್ತಿದ್ದರು.

ಈ ದಿನಗಳನ್ನು ಫ್ಯಾಬ್ರಿಸಿಯಸ್ ಜೀವನವಿಡೀ ಮರೆಯಲಿಲ್ಲ. ಗುರುವಿನಿಂದ ಅವರು ಕಲಿತದ್ದು ಹೆಸರುಗಳ ಪಟ್ಟಿಯನ್ನಲ್ಲ. ಗಮನವಿಟ್ಟು ನೋಡುವುದು ಹೇಗೆ, ನೋಡಿದ್ದನ್ನು ಕ್ರಮವಾಗಿ ಬರೆದಿಡುವುದು ಹೇಗೆ ಎಂಬುದನ್ನು.

ರೆಕ್ಕೆ ಬೇಡ, ಬಾಯಿ ನೋಡೋಣ

ಒಳ್ಳೆಯ ಶಿಷ್ಯ ಗುರು ಹೇಳಿದ್ದನ್ನೆಲ್ಲ ಹಾಗೆಯೇ ಒಪ್ಪಿಕೊಳ್ಳಬೇಕೆ? ಫ್ಯಾಬ್ರಿಸಿಯಸ್ ಹಾಗೆ ಮಾಡಲಿಲ್ಲ.

ಲಿನೇಯಸ್ ಕೀಟಗಳನ್ನು ಮುಖ್ಯವಾಗಿ ರೆಕ್ಕೆ ನೋಡಿ ಗುಂಪು ಮಾಡಿದ್ದರು. ಗಟ್ಟಿ ಕವಚದಂಥ ರೆಕ್ಕೆಯವು ಒಂದು ಗುಂಪು, ಎರಡೇ ರೆಕ್ಕೆಯವು ಒಂದು ಗುಂಪು, ರೆಕ್ಕೆಯೇ ಇಲ್ಲದವು ಇನ್ನೊಂದು ಗುಂಪು, ಹೀಗೆ. ಫ್ಯಾಬ್ರಿಸಿಯಸ್ ಬೇರೆಯೇ ದಾರಿ ಹಿಡಿದರು. ಕೀಟ ಹೇಗೆ ಬದುಕುತ್ತದೆ ಎಂಬುದು ಅದು ಏನು ತಿನ್ನುತ್ತದೆ ಎಂಬುದನ್ನು ಅವಲಂಬಿಸಿದೆ. ಏನು ತಿನ್ನುತ್ತದೆ ಎಂಬುದು ಅದರ ಬಾಯಿಯನ್ನು ನೋಡಿದರೆ ತಿಳಿಯುತ್ತದೆ. ಆದ್ದರಿಂದ ಬಾಯಿಯ ಭಾಗಗಳನ್ನು ನೋಡಿ ಗುಂಪು ಮಾಡಬೇಕು. ಇದು ಅವರ ವಿಚಾರ.

ನೀವೇ ಯೋಚಿಸಿ. ಮಿಡತೆಯ ಬಾಯಿ ಎಲೆ ಕತ್ತರಿಸುವ ಕತ್ತರಿ. ಸೊಳ್ಳೆಯ ಬಾಯಿ ಚುಚ್ಚುವ ಸೂಜಿ. ಚಿಟ್ಟೆಯ ಬಾಯಿ ಸುರುಳಿ ಸುತ್ತಿಟ್ಟ ಹೀರುಗೊಳವೆ. ಮನೆನೊಣದ ಬಾಯಿ ದ್ರವ ಒರೆಸಿ ಹೀರುವ ಸ್ಪಂಜು. ಬಾಯಿ ನೋಡಿದರೆ ಊಟ ಗೊತ್ತಾಗುತ್ತದೆ, ಅಲ್ಲವೇ?

ಹೇಳುವುದು ಸುಲಭ, ಮಾಡುವುದು ಕಷ್ಟ. ಎಳ್ಳುಕಾಳಿನಷ್ಟು ತಲೆ, ಅದರೊಳಗೆ ಕೂದಲೆಳೆಯಂಥ ಬಾಯಿಯ ಭಾಗಗಳು. ಒಣಗಿ ಮುರುಟಿದ ಹುಳುವನ್ನು ಹಿಡಿದು ಭೂತಗನ್ನಡಿಯಲ್ಲಿ ಗಂಟೆಗಟ್ಟಲೆ ನೋಡಬೇಕು. ವಿದ್ಯುತ್ ದೀಪವೂ ಇಲ್ಲದ ಕಾಲ ಅದು. ಆದರೂ ಅವರು ಬಿಡಲಿಲ್ಲ. 1775ರಲ್ಲಿ ಅವರ ದೊಡ್ಡ ಪುಸ್ತಕ ಸಿಸ್ಟೆಮ ಎಂಟಮಾಲಜಿಯೆ ಪ್ರಕಟವಾಯಿತು. ಕೀಟಗಳನ್ನು ಹೊಸ ಕ್ರಮದಲ್ಲಿ ಜೋಡಿಸಿದ ಪುಸ್ತಕ ಅದು. ಆಗ ಅವರಿಗೆ ಕೇವಲ 30 ವರ್ಷ.

ಪೆಡರಸ್ ಎಂಬ ಹೆಸರು ಮೊದಲು ಬಂದದ್ದು ಇದೇ ಪುಸ್ತಕದಲ್ಲಿ. ಯೂರೋಪಿನ ಜೌಗು ನೆಲದಲ್ಲಿ, ನದಿ ದಂಡೆಯಲ್ಲಿ ಓಡಾಡುವ ಕೆಂಪು-ನೀಲಿ ಬಣ್ಣದ ಪುಟ್ಟ ದುಂಬಿಯೊಂದನ್ನು ಲಿನೇಯಸ್ 1758ರಲ್ಲೇ ಗುರುತಿಸಿದ್ದರು. ನದಿ ದಂಡೆಯದು ಎಂಬ ಅರ್ಥದ ರಿಪೇರಿಯಸ್ ಎಂಬ ಪದವನ್ನೂ ಅದರ ಹೆಸರಿಗೆ ಸೇರಿಸಿದ್ದರು. ಆದರೆ ಅದನ್ನು ಬೇರೆ ದುಂಬಿಗಳ ಜೊತೆ ಒಂದೇ ಜಾತಿಗೆ ಸೇರಿಸಿಬಿಟ್ಟಿದ್ದರು. ಇದು ಬೇರೆಯೇ ಮನೆತನದ್ದು ಎಂದು ಗುರುತಿಸಿದ ಫ್ಯಾಬ್ರಿಸಿಯಸ್ ಪೆಡರಸ್ ಎಂಬ ಹೊಸ ಜಾತಿಯನ್ನೇ ಮಾಡಿದರು. ಇಂದು ಈ ಜಾತಿಯಲ್ಲಿ 600ಕ್ಕೂ ಹೆಚ್ಚು ಪ್ರಭೇದಗಳಿವೆ ಎಂದು ತಿಳಿದುಬಂದಿದೆ.

ಬಾರದ ಸಂಗ್ರಹಾಲಯ

ಅದೇ 1775ರಲ್ಲಿ ಫ್ಯಾಬ್ರಿಸಿಯಸ್ ಕೀಲ್ ಎಂಬ ಊರಿನ ವಿಶ್ವವಿದ್ಯಾಲಯಕ್ಕೆ ಪ್ರಾಧ್ಯಾಪಕರಾಗಿ ಬಂದರು. ಕೀಲ್ ಈಗ ಜರ್ಮನಿಯಲ್ಲಿದೆ. ಆಗ ಡೆನ್ಮಾರ್ಕಿನ ರಾಜನ ಆಳ್ವಿಕೆಯಲ್ಲಿತ್ತು. ಅವರು ಜೀವಿಗಳ ಪಾಠದ ಜೊತೆ ಅರ್ಥಶಾಸ್ತ್ರವನ್ನೂ ಕಲಿಸಬೇಕಿತ್ತು.

ಅಲ್ಲಿ ಒಂದು ಸಂಗ್ರಹಾಲಯವನ್ನೂ ಸಸ್ಯೋದ್ಯಾನವನ್ನೂ ಮಾಡಿಕೊಡುತ್ತೇವೆ ಎಂದು ಅವರಿಗೆ ಮಾತು ಕೊಡಲಾಗಿತ್ತು. ಅವರು ಕಾದರು. ವರ್ಷಗಳು ಕಳೆದವು. ಅಂದುಕೊಂಡದ್ದು ಬರಲಿಲ್ಲ. ಬೇಸತ್ತು ಕೆಲಸ ಬಿಡಲು ಹಲವು ಸಲ ಮುಂದಾದರು. ಆದರೆ ಅವರು ಹೋಗಬಾರದೆಂದು ವಿದ್ಯಾರ್ಥಿಗಳೇ ಬೇಡಿಕೊಂಡರಂತೆ. ಕೊನೆಗೂ ಅವರು ಅಲ್ಲಿಯೇ ಉಳಿದರು.

ತನ್ನಲ್ಲಿ ಇಲ್ಲದಿದ್ದರೇನು, ಇದ್ದವರ ಬಳಿಗೇ ಹೋಗೋಣ ಎಂದು ನಿರ್ಧರಿಸಿದರು. ಬೇಸಿಗೆ ಬಂದರೆ ಗಂಟುಮೂಟೆ ಕಟ್ಟಿ ಲಂಡನ್ನಿಗೆ ಹೊರಡುತ್ತಿದ್ದರು. ಅಲ್ಲಿ ಜೋಸೆಫ್ ಬ್ಯಾಂಕ್ಸ್ ಎಂಬ ಶ್ರೀಮಂತ ವಿಜ್ಞಾನಿಯ ಮನೆಯಲ್ಲಿ ಕ್ಯಾಪ್ಟನ್ ಕುಕ್‌ನ ಹಡಗಿನಲ್ಲಿ ಲೋಕ ಸುತ್ತಿ ತಂದ ಕೀಟಗಳಿದ್ದವು. ಶಸ್ತ್ರವೈದ್ಯ ಜಾನ್ ಹಂಟರ್ ಅವರ ಸಂಗ್ರಹವಿತ್ತು. ಬೆಳ್ಳಿ ಸಾಮಾನಿನ ವ್ಯಾಪಾರಿ ಡ್ರೂ ಡ್ರೂರಿ ಅವರ ಬಳಿ ಪೆಟ್ಟಿಗೆ ಪೆಟ್ಟಿಗೆ ಕೀಟಗಳಿದ್ದವು. ಫ್ಯಾಬ್ರಿಸಿಯಸ್ ಒಂದೊಂದೇ ಪೆಟ್ಟಿಗೆ ತೆರೆದು, ಒಂದೊಂದೇ ಹುಳುವನ್ನು ನೋಡಿ, ಎರಡು ಮೂರು ಸಾಲಿನಲ್ಲಿ ಅದರ ಲಕ್ಷಣ ಬರೆದು ಹೆಸರಿಡುತ್ತಿದ್ದರು.

ನಮ್ಮ ನಾಡಿನ ಕಡೆಯಿಂದ ಹೋದ ಹುಳುಗಳು

ನಮ್ಮ ದೇಶದ ಹುಳುಗಳು ಫ್ಯಾಬ್ರಿಸಿಯಸ್ ಅವರ ಕೈಗೆ ಸಿಕ್ಕಿದ್ದು ಹೇಗೆ? ತಮಿಳುನಾಡಿನ ಕಡಲ ತೀರದಲ್ಲಿ ತರಂಗಂಬಾಡಿ ಎಂಬ ಊರಿದೆ. ಆಗ ಅದು ಡೆನ್ಮಾರ್ಕಿನವರ ವ್ಯಾಪಾರದ ಬಂದರು. 1768ರಲ್ಲಿ ಅಲ್ಲಿಗೆ ಕೊನಿಗ್ ಎಂಬ ವೈದ್ಯರು ಬಂದರು. ಅವರೂ ಲಿನೇಯಸ್ ಅವರ ಶಿಷ್ಯರೇ. ಕೊನಿಗ್ ಸುತ್ತಮುತ್ತ ಅಲೆದು ಗಿಡ, ಹುಳುಗಳನ್ನು ಸಂಗ್ರಹಿಸಿ ಯೂರೋಪಿಗೆ ಕಳಿಸುತ್ತಿದ್ದರು. ಹಡಗಿನಲ್ಲಿ ತಿಂಗಳುಗಟ್ಟಲೆ ಪಯಣ. ತೇವ, ಬೂಸ್ಟು, ಇರುವೆಗಳ ಕಾಟ ತಪ್ಪಿಸಿಕೊಂಡು ತಲುಪಿದ ಹುಳುಗಳಿಗೆ ಫ್ಯಾಬ್ರಿಸಿಯಸ್ ಹೆಸರಿಟ್ಟರು. ಕೊನಿಗ್ 1785ರಲ್ಲಿ ಭಾರತದಲ್ಲೇ ತೀರಿಕೊಂಡರು.

ಈಗ ನಿಮಗೆ ಗೊತ್ತಿರುವ ಕೆಲವು ಕೀಟಗಳನ್ನು ನೋಡೋಣ. ಎತ್ತರದ ಮರದಲ್ಲಿ ದೊಡ್ಡ ಹುಟ್ಟಿ ಕಟ್ಟುವ ಹೆಜ್ಜೇನಿಗೆ ಏಪಿಸ್ ಡಾರ್ಸಾಟ ಎಂದು ಹೆಸರು. ಇಟ್ಟವರು ಫ್ಯಾಬ್ರಿಸಿಯಸ್, 1793ರಲ್ಲಿ. ಪೊಟರೆಯಲ್ಲಿ, ಪೆಟ್ಟಿಗೆಯಲ್ಲಿ ಸಾಕುವ ತುಡುವೆ ಜೇನಿಗೆ ಏಪಿಸ್ ಸೆರಾನ. ಅದೂ ಅವರೇ, ಅದೇ ವರ್ಷ. ಮಾವಿನ ಮರದಲ್ಲಿ ಎಲೆಗಳನ್ನು ಹೊಲಿದು ಗೂಡು ಮಾಡುವ ಕೆಂಪು ಇರುವೆ ಚಗಳಿ. ಅದಕ್ಕೆ ಹೆಸರಿಟ್ಟವರೂ ಅವರೇ, 1775ರಲ್ಲಿ. ಹಿತ್ತಲಿನಲ್ಲಿ ಓಡಾಡುವ ದೊಡ್ಡ ಕಪ್ಪಿರುವೆಗೆ 1787ರಲ್ಲಿ ಹೆಸರು ಕೊಟ್ಟವರೂ ಅವರೇ! ಫ್ಯಾಬ್ರಿಸಿಯಸ್ ನಮ್ಮ ದೇಶಕ್ಕೆ ಬರಲೇ ಇಲ್ಲ. ಆದರೂ ನಮ್ಮ ಹಿತ್ತಲಿನ ತುಂಬ ಅವರಿಟ್ಟ ಹೆಸರುಗಳಿವೆ.

ಕುದ್ರೋಳಿಗೆ ಹತ್ತಿರದ ಬೋಳೂರಿನಲ್ಲಿ ನದಿಯ ದಂಡೆಗೆ ಸುಲ್ತಾನ್ ಬತ್ತೇರಿ ಎಂಬ ಕಾವಲು ಕೋಟೆ ಇದೆ. ಟಿಪ್ಪು ಸುಲ್ತಾನ್ ಅದನ್ನು 1784ರಲ್ಲಿ ಕಟ್ಟಿಸಿದ್ದು. ಇಲ್ಲಿ ಹಡಗುಗಳ ಮೇಲೆ ಕಣ್ಣಿಡಲು ಕೋಟೆ ಏಳುತ್ತಿದ್ದ ಕಾಲದಲ್ಲಿ, ಅಲ್ಲಿ ಕೀಲ್‌ನಲ್ಲಿ ಫ್ಯಾಬ್ರಿಸಿಯಸ್ ಹುಳುಗಳ ಮೇಲೆ ಕಣ್ಣಿಟ್ಟು ಕುಳಿತಿದ್ದರು.

ಕೊನೆಯ ದಿನಗಳು

ಗುರು ಲಿನೇಯಸ್ ಹೆಸರಿಟ್ಟ ಕೀಟಗಳು ಸುಮಾರು 3,000. ಶಿಷ್ಯ ಹೆಸರಿಟ್ಟವು 9,776! ಅವರು 1778ರಲ್ಲಿ ಬರೆದ ಇನ್ನೊಂದು ಪುಸ್ತಕ ಕೀಟವಿಜ್ಞಾನದ ಮೊದಲ ಪಠ್ಯಪುಸ್ತಕ ಎನಿಸಿಕೊಂಡಿದೆ. 1801ರಲ್ಲಿ ದುಂಬಿಗಳಿಗಾಗಿಯೇ ಬೇರೊಂದು ಗ್ರಂಥ ಬರೆದರು.

ಆದರೆ ಅವರ ಬದುಕಿನಲ್ಲಿ ದುಃಖವೂ ಇತ್ತು. ಅವರ ಮಗಳು ಪ್ಯಾರಿಸ್ಸಿನಲ್ಲಿ ಅಪಘಾತವೊಂದರಲ್ಲಿ ತೀರಿಕೊಂಡಳು. 1807ರಲ್ಲಿ ಅವರು ಪ್ಯಾರಿಸ್ಸಿನಲ್ಲಿದ್ದಾಗ ಇನ್ನೊಂದು ಕೆಟ್ಟ ಸುದ್ದಿ ಬಂತು. ಇಂಗ್ಲೆಂಡಿನ ನೌಕಾಪಡೆ ಡೆನ್ಮಾರ್ಕಿನ ರಾಜಧಾನಿ ಕೋಪನ್‌ಹೇಗನ್ನಿನ ಮೇಲೆ ಗುಂಡಿನ ಮಳೆ ಸುರಿಸಿತ್ತು. ತಾವು ವರ್ಷ ವರ್ಷವೂ ಗೆಳೆಯರನ್ನು ಕಾಣಲು ಹೋಗುತ್ತಿದ್ದ ದೇಶವೇ ತಮ್ಮ ನಾಡನ್ನು ಸುಟ್ಟಿತ್ತು. ಅವರು ಕೀಲ್‌ಗೆ ಮರಳಿದರು. 1808ರ ಮಾರ್ಚ್ 3ರಂದು, 63ನೆಯ ವಯಸ್ಸಿನಲ್ಲಿ ಕಣ್ಣು ಮುಚ್ಚಿದರು.

ಅವರ ಎಲ್ಲ ವಿಚಾರಗಳೂ ಇಂದು ಹಾಗೆಯೇ ಉಳಿದಿಲ್ಲ. ಬಾಯಿಯೊಂದನ್ನೇ ನೋಡಿ ಗುಂಪು ಮಾಡಿದರೆ ಸಾಲದು ಎಂದು ನಂತರ ತಿಳಿಯಿತು. ಈಗ ವಿಜ್ಞಾನಿಗಳು ರೆಕ್ಕೆ, ಬಾಯಿ, ದೇಹದ ರಚನೆ, ಡಿಎನ್‌ಎ ಎಲ್ಲವನ್ನೂ ನೋಡುತ್ತಾರೆ. ಗುರುವನ್ನು ಶಿಷ್ಯ ತಿದ್ದಿದಂತೆ, ಶಿಷ್ಯನನ್ನು ಮುಂದಿನವರು ತಿದ್ದಿದರು. ವಿಜ್ಞಾನ ಬೆಳೆಯುವುದೇ ಹೀಗೆ.

ಹೆಸರಿನಿಂದ ಏನು ಪ್ರಯೋಜನ?

ಈಗ ಕುದ್ರೋಳಿಯ ಹುಡುಗಿಯ ಬಳಿಗೆ ಮರಳೋಣ.

ನಮ್ಮ ದೇಶದಲ್ಲಿ ಹೆಚ್ಚಾಗಿ ಕಾಣುವ ಪೆಡರಸ್ ಪ್ರಭೇದಗಳಲ್ಲಿ ಒಂದು ಪೆಡರಸ್ ಫಸಿಪಸ್. ಫ್ಯಾಬ್ರಿಸಿಯಸ್ ಮಾಡಿದ ಜಾತಿಗೆ ಈ ಪ್ರಭೇದವನ್ನು 1826ರಲ್ಲಿ ಸೇರಿಸಿದವರು ಇಂಗ್ಲೆಂಡಿನ ಜಾನ್ ಕರ್ಟಿಸ್. ಉದ್ದ ಸುಮಾರು 7ರಿಂದ 10 ಮಿಲಿಮೀಟರ್. ತಲೆ ಕಪ್ಪು, ಎದೆ ಕೆಂಪು-ಕಿತ್ತಳೆ, ನಡುವೆ ಹೊಳೆಯುವ ನೀಲಿ ಅಥವಾ ಹಸಿರು ಪಟ್ಟಿ, ಹೊಟ್ಟೆ ಮತ್ತೆ ಕಿತ್ತಳೆ, ಬಾಲದ ತುದಿ ಕಪ್ಪು. ಆ ನೀಲಿ ಪಟ್ಟಿಯೇ ಅದರ ಗಟ್ಟಿ ಮುಂರೆಕ್ಕೆ. ಗಿಡ್ಡ ಅಂಗಿ ತೊಟ್ಟಂತೆ ಅದು ಹೊಟ್ಟೆಯನ್ನು ಪೂರ್ತಿ ಮುಚ್ಚುವುದಿಲ್ಲ. ಹಾರುವ ತೆಳು ರೆಕ್ಕೆಗಳು ಅದರಡಿಯಲ್ಲಿ ಮಡಚಿ ಕುಳಿತಿರುತ್ತವೆ. ಹಾಗಾಗಿ ಮೊದಲ ನೋಟಕ್ಕೆ ಅದು ದುಂಬಿಯಂತೆ ಕಾಣದೆ ಇರುವೆಯಂತೆ ಕಾಣುತ್ತದೆ. ಹೆದರಿಸಿದರೆ ಬಾಲ ಎತ್ತಿ ಓಡುತ್ತದೆ.

ಇದರ ವಾಸ ಒದ್ದೆ ನೆಲ, ಹೊಳೆಯ ದಂಡೆ, ಭತ್ತದ ಗದ್ದೆ. ರಾತ್ರಿ ದೀಪದ ಬೆಳಕಿಗೆ ಮನೆಯೊಳಗೆ ಬರುತ್ತದೆ. ಇದು ಕಚ್ಚುವುದಿಲ್ಲ, ಕುಟುಕುವುದಿಲ್ಲ. ಆದರೆ ಇದರ ರಕ್ತದಲ್ಲಿ ಒಂದು ವಿಷವಿದೆ. ಚರ್ಮದ ಮೇಲೆ ಹುಳುವನ್ನು ಜಜ್ಜಿದರೆ ಆ ವಿಷ ತಾಗಿ, ಒಂದೆರಡು ದಿನದಲ್ಲಿ ಚರ್ಮ ಸುಟ್ಟಂತಾಗುತ್ತದೆ. 1953ರಲ್ಲಿ ಇಟಲಿಯ ಇಬ್ಬರು ವಿಜ್ಞಾನಿಗಳು ಎರಡೂವರೆ ಕೋಟಿ ದುಂಬಿಗಳಿಂದ ಈ ವಿಷವನ್ನು ಬೇರ್ಪಡಿಸಿದರು! ಅದಕ್ಕೆ ಪೆಡರಿನ್ ಎಂದು ಹೆಸರಾಯಿತು. ಫ್ಯಾಬ್ರಿಸಿಯಸ್ ಇಟ್ಟ ಹೆಸರೇ ವಿಷಕ್ಕೂ ಬಂತು ನೋಡಿ.

ಇನ್ನೊಂದು ಸೋಜಿಗ ಕೇಳಿ. ಈ ವಿಷವನ್ನು ಮಾಡುವುದು ದುಂಬಿ ಅಲ್ಲ! ಹೆಣ್ಣು ದುಂಬಿಯ ದೇಹದೊಳಗೆ ಬದುಕುವ ಬ್ಯಾಕ್ಟೀರಿಯ ಅದನ್ನು ತಯಾರಿಸುತ್ತದೆ ಎಂದು 2002ರಲ್ಲಿ ತಿಳಿದುಬಂತು. ತಾಯಿ ಅದನ್ನು ಮೊಟ್ಟೆಗಳಿಗೂ ಕೊಡುತ್ತದೆ. ಅಂಥ ಮೊಟ್ಟೆಯಿಂದ ಬಂದ ಮರಿಗಳನ್ನು ಬೇಟೆ ಜೇಡಗಳು ತಿನ್ನಲು ಹಿಂಜರಿಯುತ್ತವೆ. ಮರಿಗಳಿಗೆ ತಾಯಿ ಕೊಟ್ಟ ರಕ್ಷೆ ಅದು.

ಹಾಗಾದರೆ ಇದನ್ನು ಕಂಡಲ್ಲಿ ಕೊಲ್ಲಬೇಕೆ? ಬೇಡ. ಭತ್ತದ ಬೆಳೆಯನ್ನು ಹೀರಿ ಒಣಗಿಸುವ ಜಿಗಿಹುಳುಗಳನ್ನೂ ಸಸ್ಯಹೇನುಗಳನ್ನೂ ಇದು ಹಿಡಿದು ತಿನ್ನುತ್ತದೆ. ಗದ್ದೆಯಲ್ಲಿ ಇದು ರೈತರ ಗೆಳೆಯ.

ಈಗ ಹೇಳಿ, ಹೆಸರಿನಿಂದ ಏನು ಪ್ರಯೋಜನ? ಹೆಸರು ಗೊತ್ತಿಲ್ಲದಿದ್ದಾಗ ಜೇಡಕ್ಕೆ ಅಪವಾದ ಬಂತು, ಮನೆಯವರಿಗೆ ಭಯವಾಯಿತು. ಹೆಸರು ಗೊತ್ತಾದ ಕೂಡಲೇ ಅದರ ಬಗ್ಗೆ ಲೋಕದ ಎಲ್ಲೆಡೆ ಜನ ಕಲಿತದ್ದೆಲ್ಲ ನಮಗೂ ಸಿಕ್ಕಿತು. ಅದು ಹೇಗೆ ಬದುಕುತ್ತದೆ, ಯಾಕೆ ಸುಡುತ್ತದೆ, ಏನು ಮಾಡಬೇಕು ಎಲ್ಲವೂ ತಿಳಿಯಿತು. ಬಾರದ ಸಂಗ್ರಹಾಲಯಕ್ಕೆ ಕಾಯುತ್ತ ಕೂರದೆ ಊರೂರು ಅಲೆದು ಹುಳುಗಳಿಗೆ ಹೆಸರಿಟ್ಟ ಫ್ಯಾಬ್ರಿಸಿಯಸ್ ನಮಗೆ ಬಿಟ್ಟುಹೋದ ಆಸ್ತಿ ಇದು.

ನೆನಪಿಡಿ

• ಮೈಮೇಲೆ ಈ ದುಂಬಿ ಕಂಡರೆ ಹೊಡೆಯಬೇಡಿ, ಉಜ್ಜಬೇಡಿ. ಊದಿ ಹಾರಿಸಿ ಅಥವಾ ಕಾಗದದ ತುಂಡಿನ ಮೇಲೆ ಹತ್ತಿಸಿ ಹೊರಗೆ ಬಿಡಿ.
• ಜಜ್ಜಿಹೋಗಿದ್ದರೆ ತಕ್ಷಣ ಸಾಬೂನು ಹಚ್ಚಿ ಚೆನ್ನಾಗಿ ತೊಳೆಯಿರಿ. ಆ ಕೈಯಿಂದ ಕಣ್ಣು ಮುಟ್ಟಬೇಡಿ.
• ಗುಳ್ಳೆ ಎದ್ದರೆ ಕೆರೆಯಬೇಡಿ. ಆರೋಗ್ಯ ಕೇಂದ್ರದ ವೈದ್ಯರಿಗೆ ತೋರಿಸಿ. ಕಣ್ಣಿಗೆ ತಾಗಿದ್ದರೆ ತಡಮಾಡಲೇಬೇಡಿ.
• ಮಳೆಗಾಲದ ರಾತ್ರಿ ಮಲಗುವ ಮುನ್ನ ಹಾಸಿಗೆ ಕೊಡವಿ. ಬೇಡವಾದ ದೀಪ ಆರಿಸಿ. ಸೊಳ್ಳೆಪರದೆ ಕಟ್ಟಿ.

ನೀವೇ ಮಾಡಿ ನೋಡಿ

ಶಾಲೆಯ ಆವರಣದಲ್ಲಿ ಒಂದು ವಾರ ಕಾಣಸಿಗುವ ಹತ್ತು ಕೀಟಗಳ ಪಟ್ಟಿ ಮಾಡಿ. ಅವನ್ನು ಹಿಡಿಯಬೇಡಿ, ಮುಟ್ಟಬೇಡಿ. ದೂರದಿಂದ ನೋಡಿದರೆ ಸಾಕು. ಮೊದಲು ಲಿನೇಯಸ್ ಮಾಡಿದಂತೆ ರೆಕ್ಕೆ ನೋಡಿ ಗುಂಪು ಮಾಡಿ. ಆಮೇಲೆ ಫ್ಯಾಬ್ರಿಸಿಯಸ್ ಮಾಡಿದಂತೆ, ಅವು ಕಚ್ಚಿ ತಿನ್ನುತ್ತವೆಯೇ, ಹೀರುತ್ತವೆಯೇ ಎಂದು ಗಮನಿಸಿ ಗುಂಪು ಮಾಡಿ. ಎರಡೂ ಪಟ್ಟಿಗಳು ಒಂದೇ ಆಗಿವೆಯೇ? ಯಾವ ಕೀಟ ಒಂದು ಗುಂಪಿನಿಂದ ಇನ್ನೊಂದಕ್ಕೆ ಹೋಯಿತು? ನಿಮ್ಮ ಶಿಕ್ಷಕರೊಂದಿಗೆ ಚರ್ಚಿಸಿ. ನಿಮ್ಮ ಮನೆಯ ಹಿರಿಯರು ಆ ಕೀಟಗಳಿಗೆ ಏನೆಂದು ಕರೆಯುತ್ತಾರೆ ಎಂದೂ ಕೇಳಿ ಬರೆದುಕೊಳ್ಳಿ.